ಹೊರಗುತ್ತಿಗೆ ಲೋಡರ್‌ನ ಅಪಘಾತ: ಕರಾರಿನ ಒಂದು ಷರತ್ತು ಪುರಸಭೆಯನ್ನು ಉಳಿಸುತ್ತದೆಯೇ?

ಪ್ರಶ್ನೆ: ಕಡತದ ಗುಮಾಸ್ತ, ಕೊಪ್ಪಳ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಪುರಸಭೆಯಲ್ಲಿ ಪ್ರಥಮ ದರ್ಜೆ ಸಹಾಯಕ. ಎರಡು ವರ್ಷಗಳಿಂದ ನೈರ್ಮಲ್ಯ ಶಾಖೆಯ ಕಡತಗಳು ನನ್ನ ಮೇಜಿನ ಮೇಲಿವೆ. ಪ್ರಕರಣ ವಿಚಾರಣೆಯಲ್ಲಿರುವುದರಿಂದ ಊರಿನ ಹೆಸರು ಬರೆಯುವುದಿಲ್ಲ.

2024ರ ಆಗಸ್ಟ್‌ನಲ್ಲಿ ಒಂದು ಬೆಳಗಿನ ಜಾವ ಕಸ ಸಾಗಿಸುವ ಟ್ರ್ಯಾಕ್ಟರ್‌ನಿಂದ ನಮ್ಮ ಹೊರಗುತ್ತಿಗೆ ಲೋಡರ್ ಒಬ್ಬರು ಬಿದ್ದರು. ಅವರಿಗೆ ಆಗ ನಲವತ್ತು ವರ್ಷ. ಎಂಜಿನ್‌ಗೂ ಟ್ರೇಲರ್‌ಗೂ ನಡುವಿನ ಕೊಂಡಿಯ ಮೇಲೆ ಒಂದು ಕಾಲಿಟ್ಟು, ಟ್ರೇಲರ್‌ನ ಅಂಚು ಹಿಡಿದು ನಿಂತುಕೊಂಡು ಹೋಗುವುದು ಅವರೆಲ್ಲರ ರೂಢಿ. ರಸ್ತೆಯ ಉಬ್ಬಿನ ಮೇಲೆ ಗಾಡಿ ಎಗರಿದಾಗ ಕೈ ಜಾರಿತು, ಟ್ರೇಲರ್‌ನ ಗಾಲಿ ಬಲಗಾಲಿನ ಪಾದದ ಮೇಲೆ ಹಾದುಹೋಯಿತು. ಎರಡು ಶಸ್ತ್ರಚಿಕಿತ್ಸೆಗಳಾಗಿವೆ. ಈಗ ಕೋಲೂರಿಕೊಂಡು ನಡೆಯುತ್ತಾರೆ. ಭಾರ ಎತ್ತುವ ಕೆಲಸ ಅವರಿಂದ ಇನ್ನು ಆಗುವುದಿಲ್ಲ.

ಗುತ್ತಿಗೆದಾರರ ಅವಧಿ 2025ರ ಮಾರ್ಚ್‌ಗೆ ಮುಗಿಯಿತು. ಅವರು ಭದ್ರತಾ ಠೇವಣಿಯನ್ನೂ ಹಿಂಪಡೆದುಕೊಂಡು ಹೋದರು, ಈಗ ಫೋನ್ ಎತ್ತುವುದಿಲ್ಲ. ಠೇವಣಿ ಬಿಡುಗಡೆಯ ಟಿಪ್ಪಣಿಯನ್ನು ಮಂಡಿಸಿದವನು ನಾನೇ. ಅದರಲ್ಲಿ ‘ಯಾವುದೇ ಬಾಕಿ ಇರುವುದಿಲ್ಲ’ ಎಂದು ಎಂದಿನಂತೆ ಬರೆದಿದ್ದೆ. ಕಳೆದ ತಿಂಗಳು ಕೆಲಸದಲ್ಲಾದ ಅಪಘಾತಗಳ ಪರಿಹಾರವನ್ನು ತೀರ್ಮಾನಿಸುವ ಪರಿಹಾರ ಆಯುಕ್ತರ ನ್ಯಾಯಾಲಯದಿಂದ ನೋಟಿಸ್ ಬಂದಿದೆ. ಒಂದನೆಯ ಪ್ರತಿವಾದಿ ಗುತ್ತಿಗೆದಾರ, ಎರಡನೆಯವರು ನಮ್ಮ ಮುಖ್ಯಾಧಿಕಾರಿಗಳು, ಮೂರನೆಯದು ಟ್ರ್ಯಾಕ್ಟರ್‌ನ ವಿಮಾ ಕಂಪನಿ.

ನಮ್ಮ ಕರಾರು ಪತ್ರದ ಹದಿನೇಳನೆಯ ಷರತ್ತಿನಲ್ಲಿ ‘ಕಾರ್ಮಿಕರಿಗೆ ಯಾವುದೇ ಅಪಘಾತ, ಪ್ರಾಣಹಾನಿ ಸಂಭವಿಸಿದಲ್ಲಿ ಗುತ್ತಿಗೆದಾರರೇ ಸಂಪೂರ್ಣ ಹೊಣೆಗಾರರು, ಪುರಸಭೆಯು ಯಾವುದೇ ರೀತಿಯಲ್ಲಿ ಜವಾಬ್ದಾರಿಯಾಗಿರುವುದಿಲ್ಲ’ ಎಂದು ಸ್ಪಷ್ಟವಾಗಿದೆ. ಈ ಒಂದು ವಾಕ್ಯವನ್ನು ನಂಬಿಕೊಂಡು ನಾವೆಲ್ಲ ನಿಶ್ಚಿಂತೆಯಿಂದಿದ್ದೆವು. ಈಗ ವಕೀಲರು ಅದನ್ನು ಓದಿ ನಕ್ಕರು. ಏಕೆ ನಕ್ಕರೆಂದು ವಿವರಿಸಲಿಲ್ಲ.

ತಿಳಿದವರಲ್ಲಿ ಕೇಳುವುದು ಇಷ್ಟು. ಆ ಷರತ್ತಿಗೆ ಬೆಲೆ ಇಲ್ಲವೇ? ಹಣ ಕೊಡಬೇಕಾಗಿ ಬಂದರೆ ಅದನ್ನು ಮುಖ್ಯಾಧಿಕಾರಿಗಳ ಇಲ್ಲವೇ ನನ್ನ ಸಂಬಳದಿಂದ ವಸೂಲು ಮಾಡುವ ಸಾಧ್ಯತೆ ಇದೆಯೇ? ಮತ್ತು ಮುಂದಿನ ಟೆಂಡರ್‌ನ ಷರತ್ತುಗಳನ್ನು ಈಗ ನಾನೇ ಸಿದ್ಧಪಡಿಸಬೇಕಾಗಿದೆ. ಕಾರ್ಮಿಕರಿಗೂ ರಕ್ಷಣೆ ಸಿಗಬೇಕು, ಪುರಸಭೆಯ ಮೇಲೂ ಇಂಥ ಭಾರ ಬೀಳಬಾರದು ಎಂದರೆ ಅದರಲ್ಲಿ ಏನಿರಬೇಕು? ಶಾಖೆಯಲ್ಲಿ ಈ ಮಾತೆತ್ತಿದರೆ, ‘ಇಷ್ಟ್ ವರ್ಷ ಏನೂ ಆಗಿಲ್ಲ, ಈಗ್ಯಾಕ್ ತಲಿ ಕೆಡಿಸ್ಕೊಂತೀರಿ’ ಎನ್ನುವವರೇ ಹೆಚ್ಚು.

ಉತ್ತರ: ಬಳ್ಳಾರಿ ವಕೀಲ

ಗುಮಾಸ್ತರೇ, ನಿಮ್ಮ ವಕೀಲರು ನಕ್ಕಿದ್ದರ ಕಾರಣವನ್ನು ನಾನು ಹೇಳುತ್ತೇನೆ. ಆ ಹದಿನೇಳನೆಯ ಷರತ್ತು ನಿಮಗೂ ಗುತ್ತಿಗೆದಾರರಿಗೂ ನಡುವಿನ ಮಾತು. ಕಾಲು ಜಖಂಗೊಂಡ ಮನುಷ್ಯ ಅದಕ್ಕೆ ಸಹಿ ಮಾಡಿಲ್ಲ. ನೌಕರರ ಪರಿಹಾರ ಕಾಯ್ದೆ, 1923ರ 12ನೆಯ ಕಲಮಿನ ಪ್ರಕಾರ, ಒಬ್ಬ ಮೂಲ ಮಾಲೀಕನು ತನ್ನ ಸಾಮಾನ್ಯ ಕೆಲಸದ ಭಾಗವಾಗಿರುವುದನ್ನು ಗುತ್ತಿಗೆಗೆ ಕೊಟ್ಟರೆ, ಆ ಕೆಲಸಗಾರನು ತನ್ನ ನೇರ ನೌಕರನಾಗಿದ್ದರೆ ಎಷ್ಟು ಕೊಡಬೇಕಾಗುತ್ತಿತ್ತೋ ಅಷ್ಟನ್ನು ಕೊಡಲು ಬಾಧ್ಯನಾಗುತ್ತಾನೆ. ಊರಿನ ಕಸ ಎತ್ತುವುದು ಪುರಸಭೆಯ ಕಡ್ಡಾಯ ಕರ್ತವ್ಯ. ಆದ್ದರಿಂದ ‘ಇದು ನಮ್ಮ ಕೆಲಸವಲ್ಲ’ ಎಂಬ ವಾದ ಮೊದಲ ಹೆಜ್ಜೆಯಲ್ಲೇ ಬೀಳುತ್ತದೆ. ಅಪಘಾತವು ನಿಮ್ಮ ಹತೋಟಿಯಲ್ಲಿಲ್ಲದ ಜಾಗದಲ್ಲಿ ನಡೆಯಿತು ಎಂಬ ಇನ್ನೊಂದು ವಾದಕ್ಕೆ ಅದೇ ಕಲಮಿನಲ್ಲಿ ಅವಕಾಶವಿದೆ. ಆದರೆ ಪಟ್ಟಣದೊಳಗಿನ ಪುರಸಭೆಯ ರಸ್ತೆಯ ಮೇಲೆ ನಡೆದ ಘಟನೆಗೆ ಅದನ್ನು ಹೂಡುವುದು ನನ್ನ ಮಟ್ಟಿಗೆ ಸಮಯ ವ್ಯರ್ಥ.

ಹಾಗೆಂದು ಷರತ್ತು ಪೂರ್ತಿ ನಿರುಪಯುಕ್ತವಲ್ಲ. ನೀವು ಕೊಟ್ಟದ್ದನ್ನು ಗುತ್ತಿಗೆದಾರರಿಂದ ವಸೂಲು ಮಾಡುವ ಹಕ್ಕು ನಿಮಗಿದೆ, ಆ ಹಕ್ಕಿಗೆ ಷರತ್ತು ಬಲ ಕೊಡುತ್ತದೆ. ತೊಂದರೆಯೆಂದರೆ ವಸೂಲು ಮಾಡಲು ಕೈಯಲ್ಲಿದ್ದ ಏಕೈಕ ವಸ್ತು ಆ ಭದ್ರತಾ ಠೇವಣಿ, ಅದನ್ನು ಅಪಘಾತವಾಗಿ ಏಳು ತಿಂಗಳಾದ ಮೇಲೆ ನೀವೇ ಬಿಟ್ಟುಕೊಟ್ಟಿರಿ. ಕಾಯ್ದೆಯಲ್ಲಿ ಅರ್ಜಿ ಹಾಕಲು ಎರಡು ವರ್ಷಗಳ ಕಾಲಾವಕಾಶವಿದೆ. ಅಷ್ಟು ದಿನ ಠೇವಣಿಯ ಒಂದು ಭಾಗ ನಿಮ್ಮಲ್ಲಿರಬೇಕಿತ್ತು.

ಹಲವರು ಸುಪ್ರೀಂ ಕೋರ್ಟಿನ ವಡೋದರಾ ಪ್ರಕರಣವನ್ನು ಓದಿರುವುದಿಲ್ಲ. 1993ರ ಆಗಸ್ಟ್‌ನಲ್ಲಿ ಅಲ್ಲಿನ ಸುರಸಾಗರ ಕೆರೆಯಲ್ಲಿ ದೋಣಿ ಮಗುಚಿ 22 ಜನ ಸತ್ತರು. ಇಪ್ಪತ್ತು ಜನರ ದೋಣಿಯಲ್ಲಿ 38 ಜನರನ್ನು ಕೂರಿಸಿದ್ದರು. ದೋಣಿ ನಡೆಸುವುದನ್ನು ಗುತ್ತಿಗೆಗೆ ಕೊಟ್ಟಿದ್ದೇವೆ, ಹೊಣೆ ಅವರದೇ ಎಂದು ಮಹಾನಗರ ಪಾಲಿಕೆ ವಾದಿಸಿತು. ಗುತ್ತಿಗೆದಾರನು ಸುರಕ್ಷತೆ ಪಾಲಿಸುತ್ತಿದ್ದಾನೆಯೇ ಎಂದು ನೋಡುವ ಕರ್ತವ್ಯ ಪಾಲಿಕೆಯ ಮೇಲೆ ಉಳಿದೇ ಇರುತ್ತದೆ ಎಂದು 2014ರಲ್ಲಿ ತೀರ್ಪಾಯಿತು. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಮೇಲ್ವಿಚಾರಣೆಯನ್ನು ಕೊಡಲಾಗದು.

ಈಗ ಮೊತ್ತದ ಮಾತು. ಲೆಕ್ಕ ತಿಳಿದರೆ ನಿಮ್ಮ ಸಾಮಾನ್ಯ ಸಭೆಗೆ ವಿಷಯದ ತೂಕ ಗೊತ್ತಾಗುತ್ತದೆ. ಕಾಯ್ದೆಯ ಲೆಕ್ಕಕ್ಕೆ ತಿಂಗಳ ವೇತನದ ಮಿತಿ 2020ರ ಜನವರಿಯಿಂದ 15,000 ರೂಪಾಯಿ. ನಲವತ್ತು ವಯಸ್ಸಿನವರಿಗೆ ಅನ್ವಯಿಸುವ ಗುಣಕ 184.17. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ವೇತನದ ಶೇ 60, ಅಂದರೆ 9,000 ರೂಪಾಯಿಯನ್ನು ಆ ಗುಣಕದಿಂದ ಗುಣಿಸಿದರೆ 16,57,530 ರೂಪಾಯಿ. ವೈದ್ಯರು ದುಡಿಯುವ ಶಕ್ತಿಯ ನಷ್ಟವನ್ನು ಶೇ 40 ಎಂದು ಹೇಳಿದರೆಂದು ಇಟ್ಟುಕೊಳ್ಳಿ, ಆಗ 6,63,012 ರೂಪಾಯಿ. ಅಪಘಾತವಾದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12ರ ಬಡ್ಡಿ ಸೇರುತ್ತದೆ. ಎರಡು ವರ್ಷಕ್ಕೆ ಸುಮಾರು 1.59 ಲಕ್ಷ. ವಿಳಂಬಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೆ, ಅಂದರೆ 3.31 ಲಕ್ಷದವರೆಗೆ ದಂಡವನ್ನೂ ಹಾಕಬಹುದು. ಅಸಲು ಮತ್ತು ಬಡ್ಡಿಯನ್ನು ವಿಮಾ ಕಂಪನಿ ಹೊರಬೇಕಾಗಿ ಬಂದರೂ ದಂಡ ಮಾತ್ರ ಮಾಲೀಕನ ತಲೆಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಹಣ ಕೊಡುವ ಬಾಧ್ಯತೆ ಹುಟ್ಟುವುದು ಅಪಘಾತದ ದಿನವೇ ಎಂಬುದು 1970ರ ದಶಕದಿಂದ ನಡೆದುಬಂದ ಕಾನೂನು. ಆದ್ದರಿಂದ ‘ನ್ಯಾಯಾಲಯದ ಆದೇಶ ಬರಲಿ’ ಎಂದು ಕಡತವನ್ನು ಕಪಾಟಿನಲ್ಲಿಡುವ ಪ್ರತಿ ತಿಂಗಳೂ ದುಬಾರಿ.

ವಿಮೆಯ ವಿಷಯದಲ್ಲಿ ಹೆಚ್ಚು ಭರವಸೆ ಬೇಡ. ಪಾಲಿಸಿಯ ಪ್ರತಿಯನ್ನು ತರಿಸಿ ಓದಿ. ನಮ್ಮ ಭಾಗದಲ್ಲಿ ಇಂಥ ಗಾಡಿಗಳು ಬಹುತೇಕ ಕೃಷಿ ಬಳಕೆಗೆಂದು ನೋಂದಣಿಯಾದ ಟ್ರ್ಯಾಕ್ಟರ್‌ಗಳು. ಅವುಗಳನ್ನು ಬಾಡಿಗೆಗೆ ಕಸ ಸಾಗಿಸಲು ಬಳಸಿದರೆ ಪಾಲಿಸಿಯ ಷರತ್ತು ಮುರಿಯಿತು ಎಂಬುದು ಕಂಪನಿಯ ಮೊದಲ ತಕರಾರು. ಟ್ರೇಲರ್‌ಗೆ ಪ್ರತ್ಯೇಕ ವಿಮೆ ಇಲ್ಲ ಎಂಬುದು ಎರಡನೆಯದು. ಕೂಲಿಗಳಿಗೆಂದು ಹೆಚ್ಚುವರಿ ಪ್ರೀಮಿಯಂ ಕಟ್ಟಿಲ್ಲ ಎಂಬುದು ಮೂರನೆಯದು. ಕೊಂಡಿಯ ಮೇಲೆ ನಿಂತವನು ಆಸನದಲ್ಲಿರಲಿಲ್ಲ ಎಂಬುದು ನಾಲ್ಕನೆಯದು. ಇವುಗಳಲ್ಲಿ ಒಂದು ನಿಂತರೂ ನ್ಯಾಯಾಲಯ ನೋಡುವುದು ನಿಮ್ಮ ಕಡೆಗೆ.

ಇನ್ನೊಂದು ವಿಷಯ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ನೌಕರರ ಪರಿಹಾರದ ವಿಷಯ ಸಾಮಾಜಿಕ ಭದ್ರತಾ ಸಂಹಿತೆ, 2020ರ ಏಳನೆಯ ಅಧ್ಯಾಯಕ್ಕೆ ಸೇರಿದೆ. ನಿಮ್ಮ ಘಟನೆ ಅದಕ್ಕೂ ಹಿಂದಿನದಾದ್ದರಿಂದ ಹಳೆಯ ಕಾಯ್ದೆಯ ಲೆಕ್ಕವನ್ನೇ ಕೊಟ್ಟಿದ್ದೇನೆ. ಹೊಸ ಟೆಂಡರ್‌ನಲ್ಲಿ ಮಾತ್ರ 1923ರ ಕಾಯ್ದೆಯ ಹೆಸರನ್ನು ಹಿಂದಿನ ಪ್ರತಿಯಿಂದ ನಕಲು ಮಾಡಿ ಕೂರಿಸಬೇಡಿ.

ಉತ್ತರ: ನಿವೃತ್ತ ಮುಖ್ಯಾಧಿಕಾರಿ, ರಾಯಚೂರು

ವಕೀಲರು ಕಾನೂನನ್ನು ಬಿಡಿಸಿ ಹೇಳಿದ್ದಾರೆ. ನಾನು ಕಚೇರಿಯ ಒಳಗಿನಿಂದ ಎರಡು ಮಾತು ಸೇರಿಸುತ್ತೇನೆ, ಮುಖ್ಯವಾಗಿ ನಿಮ್ಮ ಎರಡನೆಯ ಪ್ರಶ್ನೆಯ ಬಗ್ಗೆ.

ಸಂಬಳದಿಂದ ವಸೂಲಾಗುವ ಭಯ ನನಗೂ ಇಪ್ಪತ್ತೆಂಟು ವರ್ಷ ಇತ್ತು. ಸಾಮಾನ್ಯ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಹೊರಗಿನವರ ಎದುರು ಸಾಮಾನ್ಯವಾಗಿ ಹೊಣೆಯಾಗುವುದು ಸಂಸ್ಥೆ, ಗುಮಾಸ್ತನಲ್ಲ. ಆದರೆ ಅಧಿಕಾರವನ್ನು ದುರುದ್ದೇಶದಿಂದ ಬಳಸಿ ಜನರನ್ನು ಸತಾಯಿಸಿದಾಗ, ಪರಿಹಾರವನ್ನು ಮೊದಲು ಸಂಸ್ಥೆ ಕೊಟ್ಟು ಆಮೇಲೆ ತಪ್ಪಿತಸ್ಥ ಅಧಿಕಾರಿಯಿಂದ ವಸೂಲು ಮಾಡಬೇಕೆಂದು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಮರೆಯಬಾರದು. ಇಲಾಖಾ ವಿಚಾರಣೆ ಬೇರೆ. ಅಲ್ಲಿ ನಿಮ್ಮ ಆ ‘ಯಾವುದೇ ಬಾಕಿ ಇರುವುದಿಲ್ಲ’ ಎಂಬ ಸಾಲು ಪ್ರಶ್ನೆಗೆ ಬರಬಹುದು. ಆಗ ನೀವು ಆ ಸಾಲನ್ನು ಬರೆಯುವ ಮೊದಲು ಅಪಘಾತದ ವಿಷಯ ನಿಮ್ಮ ಶಾಖೆಗೆ ಲಿಖಿತವಾಗಿ ಬಂದಿತ್ತೇ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಬಂದಿಲ್ಲದಿದ್ದರೆ, ಏಕೆ ಬರಲಿಲ್ಲ ಎಂಬ ಪ್ರಶ್ನೆ ಮೇಲಿನವರಿಗೆ ಹೋಗುತ್ತದೆ.

ಕ್ರಿಮಿನಲ್ ಪ್ರಕರಣದ ಅಪಾಯ ಇದಕ್ಕಿಂತ ಹತ್ತಿರದ್ದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಹಿಂದಿನ ದಂಡ ಸಂಹಿತೆಯಲ್ಲಿ ಗರಿಷ್ಠ ಎರಡು ವರ್ಷಗಳ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಂ ಅದನ್ನು ಐದು ವರ್ಷಕ್ಕೆ ಏರಿಸಿದೆ. ಸರ್ಕಾರದ ಪೂರ್ವಾನುಮತಿಯ ರಕ್ಷಣೆ ಇದೆಯೆಂದು ಎಲ್ಲರೂ ಅಂದುಕೊಂಡಿರುತ್ತಾರೆ, ಆದರೆ ಅದು ಸರ್ಕಾರದ ಮಂಜೂರಾತಿಯಿಲ್ಲದೆ ಹುದ್ದೆಯಿಂದ ತೆಗೆಯಲಾಗದವರಿಗೆ ಮಾತ್ರ ಇರುವ ರಕ್ಷಣೆ. ಆರೋಗ್ಯ ನಿರೀಕ್ಷಕ, ಮೇಸ್ತ್ರಿ, ಚಾಲಕ ಇವರು ಬಹುಮಟ್ಟಿಗೆ ಅದರ ಹೊರಗೆ ಉಳಿಯುತ್ತಾರೆ.

ಮ್ಯಾನ್‌ಹೋಲ್ ಮತ್ತು ಶೌಚಗುಂಡಿಯ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಒಳಗಾಗುತ್ತಿರಲಿಲ್ಲ. ಒಂದು ಭಾನುವಾರ ಸಂಜೆ ಒಬ್ಬ ಪ್ರಭಾವಿ ಸದಸ್ಯರು ಫೋನ್ ಮಾಡಿ, ತಮ್ಮ ಬೀದಿಯ ಒಳಚರಂಡಿ ಕಟ್ಟಿಕೊಂಡಿದೆ, ಸಕ್ಕಿಂಗ್ ಯಂತ್ರ ಕೆಟ್ಟಿದೆಯಂತೆ, ಇಬ್ಬರು ಹುಡುಗರನ್ನು ಹತ್ತು ನಿಮಿಷ ಇಳಿಸಿ ಎಂದರು. ನಾನು ‘ಆಗಲಿ ಸಾಹೇಬರೇ, ತಾವು ಇದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕಳಿಸಿ’ ಎಂದೆ. ಹಾಳೆ ಬರಲಿಲ್ಲ. ಮರುದಿನ ಪಕ್ಕದ ತಾಲ್ಲೂಕಿನಿಂದ ಯಂತ್ರ ಬಂತು. 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ 7ನೆಯ ಕಲಂ ಅಪಾಯಕಾರಿ ಸ್ವಚ್ಛತೆಗೆ ಮನುಷ್ಯರನ್ನು ಬಳಸುವುದನ್ನು ನಿಷೇಧಿಸುತ್ತದೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸತ್ತವರ ಕುಟುಂಬಕ್ಕೆ ಇದೇ ವಿಷಯದ 2014ರ ಬೇರೊಂದು ತೀರ್ಪಿನಲ್ಲಿ ಹತ್ತು ಲಕ್ಷ ಎಂದಿದ್ದ ಪರಿಹಾರವನ್ನು 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟ್ ಮೂವತ್ತು ಲಕ್ಷಕ್ಕೆ ಏರಿಸಿದೆ. ಹತ್ತು ನಿಮಿಷದ ಕೆಲಸಕ್ಕೆ ಇಷ್ಟು.

ಈಗ ದಾಖಲೆಗಳ ಮಾತು. ಎರಡು ತೀರ್ಪುಗಳನ್ನು ಜೋಡಿಸಿ ನೋಡಿದರೆ ನಮ್ಮ ಕೆಲಸ ಏನೆಂದು ತಿಳಿಯುತ್ತದೆ. ದೆಹಲಿಯ ಚಾಂದನಿ ಚೌಕದಲ್ಲಿ ಎಂಬತ್ತು ವರ್ಷ ಹಳೆಯ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ, ಆ ಕಟ್ಟಡದ ಆಯುಷ್ಯ ಮುಗಿದಿದ್ದರೂ ಪರೀಕ್ಷೆ ಮಾಡಿಸಲಿಲ್ಲವೆಂದು 1966ರಲ್ಲಿ ಪಾಲಿಕೆಯನ್ನೇ ಹೊಣೆ ಮಾಡಲಾಯಿತು. ರಾಜಕೋಟೆಯಲ್ಲಿ ರಸ್ತೆ ಬದಿಯ ಮರ ಬಿದ್ದು ದಾರಿಹೋಕರೊಬ್ಬರು ಸತ್ತಾಗ, ಆ ಮರ ಬೀಳುವ ಸ್ಥಿತಿಯಲ್ಲಿದ್ದದ್ದು ಪಾಲಿಕೆಗೆ ತಿಳಿದಿರಲಿಲ್ಲವೆಂಬ ನೆಲೆಯಲ್ಲಿ 1997ರಲ್ಲಿ ಪಾಲಿಕೆಯನ್ನು ಹೊಣೆಯಿಂದ ಬಿಡಲಾಯಿತು. ಇದನ್ನು ಓದಿದ ನನ್ನ ಕಿರಿಯ ಸಹೋದ್ಯೋಗಿಯೊಬ್ಬರು, ‘ಹಾಗಾದರೆ ದೂರುಗಳನ್ನು ಬರೆದುಕೊಳ್ಳದೆ ಇರುವುದೇ ಕ್ಷೇಮ ಅಲ್ಲವೇ ಸರ್’ ಎಂದಿದ್ದರು. ಇದು ಬಹಳ ಅಪಾಯದ ಜಾಣತನ. ಈಗ ದೂರು ಕೊಡುವವರು ಮರದ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ವಾರ್ಡ್ ಸದಸ್ಯರಿಗೆ, ಪತ್ರಕರ್ತರಿಗೆ, ನಮಗೆ ಒಟ್ಟಿಗೇ ಕಳಿಸುತ್ತಾರೆ. ನಿಮಗೆ ತಿಳಿದಿತ್ತು ಎಂಬುದಕ್ಕೆ ಸಾಕ್ಷಿ ಅವರ ಫೋನಿನಲ್ಲಿರುತ್ತದೆ, ನೀವು ಏನು ಮಾಡಿದಿರಿ ಎಂಬುದಕ್ಕೆ ಮಾತ್ರ ಎಲ್ಲಿಯೂ ಸಾಕ್ಷಿ ಇರುವುದಿಲ್ಲ.

ನೀರು ಸರಬರಾಜಿನಲ್ಲೂ ಇದೇ ಮಾತು. 2022ರಲ್ಲಿ ನಮ್ಮ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ಎಲ್ಲರಿಗೂ ನೆನಪಿದೆ. ಅಂಥ ದಿನ ಬಂದಾಗ ಮೊದಲು ಕೇಳುವುದು ಟ್ಯಾಂಕ್ ಕೊನೆಯದಾಗಿ ಯಾವಾಗ ತೊಳೆದಿರಿ, ನಲ್ಲಿಯ ತುದಿಯಲ್ಲಿ ಉಳಿಕೆ ಕ್ಲೋರಿನ್ ಎಷ್ಟಿತ್ತು ಎಂದು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನಾನು ಪರಿಶೀಲಿಸಿದ ಒಂದು ವಹಿಯಲ್ಲಿ ಮೂರು ತಿಂಗಳ ಪ್ರತಿದಿನವೂ 0.2 ಎಂದೇ ಇತ್ತು, ಒಂದೇ ಪೆನ್ನಿನ ಒಂದೇ ಶಾಯಿಯಲ್ಲಿ, ವಿದ್ಯುತ್ ಇಲ್ಲದೆ ನೀರೇ ಬಿಡದ ದಿನವೂ ಸೇರಿ. ಅಂಥ ವಹಿ ಇರುವುದಕ್ಕಿಂತ ಇಲ್ಲದಿರುವುದು ಮೇಲು. ಒಂದು ದಿನ 0.1 ಎಂದು ಬರೆದು, ಪಕ್ಕದಲ್ಲಿ ‘ಡೋಸರ್ ಕೆಟ್ಟಿದೆ, ಎಂಜಿನಿಯರ್‌ಗೆ ತಿಳಿಸಲಾಗಿದೆ’ ಎಂದು ವಾಲ್ವ್‌ಮನ್ ಬರೆದಿದ್ದರೆ ಅವನೂ ಉಳಿಯುತ್ತಾನೆ, ಪುಸ್ತಕವೂ ನಂಬಿಕೆಗೆ ಅರ್ಹವಾಗುತ್ತದೆ.

ಉತ್ತರ: ಲೋಡರ್ ಮೇಸ್ತ್ರಿ, ಗಂಗಾವತಿ

ಹಿರಿಯರು ಕಾನೂನು ಹೇಳಿದ್ದೀರಿ. ನಾನು ಹದಿನಾಲ್ಕು ವರ್ಷ ಗಾಡಿಯ ಹಿಂದೆ ನಿಂತು, ಈಗ ಮೇಸ್ತ್ರಿಯಾಗಿರುವವನು. ತಪ್ಪಿದ್ದರೆ ತಿದ್ದಿ.

ಗುಮಾಸ್ತ ಸರ್, ಕೊಂಡಿಯ ಮೇಲೆ ನಿಲ್ಲುವುದು ‘ಅವರ ರೂಢಿ’ ಎಂದು ಬರೆದಿದ್ದೀರಿ. ಆ ಗಾಡಿಯಲ್ಲಿ ಚಾಲಕನ ಸೀಟು ಬಿಟ್ಟರೆ ಕೂರಲು ಜಾಗ ಎಲ್ಲಿದೆ? ಬೆಳಿಗ್ಗೆ ಐದೂವರೆಗೆ ಹಾಜರಿ, ಆರು ಗಂಟೆಗೆ ಮೂರು ಕಿಲೋಮೀಟರ್ ದೂರದ ವಾರ್ಡಿನಲ್ಲಿ ಇರಬೇಕು, ಅಲ್ಲಿಂದ ಕಸ ತುಂಬಿದ ಮೇಲೆ ಊರ ಹೊರಗಿನ ಘಟಕಕ್ಕೆ ಹೋಗಿ ಇಳಿಸಬೇಕು. ನಡೆದು ಹೋದರೆ ಹಾಜರಿ ಕತ್ತರಿಸುತ್ತಾರೆ. ಹೀಗಾಗಿ ಮಡ್‌ಗಾರ್ಡ್ ಮೇಲೆ ಒಬ್ಬ, ಕೊಂಡಿಯ ಮೇಲೆ ಒಬ್ಬ, ಕಸದ ಮೇಲೆ ಇಬ್ಬರು. ಆ ಅಣ್ಣ ಬಿದ್ದದ್ದು ಅವನ ತಪ್ಪಿನಿಂದ ಎಂದು ನ್ಯಾಯಾಲಯದಲ್ಲಿ ಹೇಳಬೇಡಿ. ಹಾಜರಿಯನ್ನು ಕಚೇರಿಯ ಬದಲು ವಾರ್ಡಿನಲ್ಲೇ ತೆಗೆದುಕೊಂಡರೆ ಅರ್ಧ ಸವಾರಿ ತಪ್ಪುತ್ತದೆ. ನಮ್ಮಲ್ಲಿ ಈಗ ಎರಡು ವರ್ಷದಿಂದ ಹಾಗೆ ಮಾಡುತ್ತಿದ್ದೇವೆ. ಘಟಕಕ್ಕೆ ಚಾಲಕನೊಬ್ಬನೇ ಹೋಗುತ್ತಾನೆ, ಅಲ್ಲಿ ಇಳಿಸಲು ಬೇರೆ ಇಬ್ಬರು ಇರುತ್ತಾರೆ.

ಸುರಕ್ಷಾ ಸಾಮಗ್ರಿಯ ಮಾತನ್ನೂ ಹೇಳಬೇಕು. ಗಮ್‌ಬೂಟ್ ಕೊಟ್ಟಿದ್ದೇವೆ, ಇವರೇ ಹಾಕುವುದಿಲ್ಲ ಎಂದು ಅಧಿಕಾರಿಗಳು ಹೇಳುತ್ತಾರೆ. ನಿಜ, ಹಾಕುವುದಿಲ್ಲ. ಬಂದ ಬೂಟುಗಳೆಲ್ಲ ಒಂಬತ್ತು, ಹತ್ತನೆಯ ನಂಬರಿನವು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು, ಅವರ ಕಾಲು ಐದು, ಆರು. ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೇ ಡಾಂಬರು ಕಾಯುತ್ತದೆ, ಒಳಗೆ ಬಟ್ಟೆಯಿಲ್ಲದ ರಬ್ಬರಿನಲ್ಲಿ ಕಾಲು ಬೆಂದು ಬೆರಳ ಸಂದುಗಳು ಬಿರಿಯುತ್ತವೆ. ಕೈಗವಸು ತೊಟ್ಟರೆ ಪೊರಕೆ ಜಾರುತ್ತದೆ. ಹೀಗಾಗಿ ಎಲ್ಲವೂ ಪ್ಲಾಸ್ಟಿಕ್ ಕವರ್ ಸಮೇತ ಮನೆಯ ಅಟ್ಟದ ಮೇಲಿರುತ್ತವೆ, ಪಡೆದಿದ್ದೇವೆ ಎಂಬ ಸಹಿ ಮಾತ್ರ ನಿಮ್ಮ ದಾಸ್ತಾನು ವಹಿಯಲ್ಲಿರುತ್ತದೆ. ಖರೀದಿಗೆ ಮೊದಲು ನಮ್ಮಲ್ಲಿ ನಾಲ್ವರ ಕಾಲಿಗೆ, ಕೈಗೆ ತೊಡಿಸಿ ನೋಡಿ. ನಾವು ಕೇಳಿದ ಮೇಲೆ ಒಳಗೆ ಹತ್ತಿಬಟ್ಟೆಯಿರುವ, ಅಂಗೈ ಒರಟಾದ ಕೈಗವಸು ಬಂತು. ಅದನ್ನು ಯಾರೂ ಅಟ್ಟದ ಮೇಲೆ ಇಡಲಿಲ್ಲ.

ಇನ್ನೊಂದು. ಒಡೆದ ಗಾಜು, ಆಸ್ಪತ್ರೆಯ ಸೂಜಿ ಕೈಗೆ ಚುಚ್ಚಿದರೆ ನಮ್ಮವರು ಹೇಳುವುದಿಲ್ಲ. ಹೇಳಿದರೆ ಅಂದಿನ ಹಾಜರಿ ಹೋಗುತ್ತದೆ ಎಂಬ ಭಯ. ಗಾಯ ಹೇಳಿಕೊಂಡು ಆಸ್ಪತ್ರೆಗೆ ಹೋದವರಿಗೆ ಅಂದಿನ ಪೂರ್ತಿ ಕೂಲಿ ಎಂದು ಒಂದು ಸಾಲು ಟೆಂಡರ್‌ನಲ್ಲಿ ಬರೆಯಿರಿ, ಆಗ ನಿಮ್ಮ ವಹಿ ತಾನಾಗಿ ತುಂಬುತ್ತದೆ. ಮತ್ತೆ ದಯವಿಟ್ಟು ಖಾಲಿ ಹಾಳೆಗೆ ನಮ್ಮ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಗುತ್ತಿಗೆದಾರರನ್ನು ನಂಬಬೇಡಿ. ಅಪಘಾತ ಆದ ಮೇಲೆ ಆ ಹಾಳೆ ‘ಸ್ವಂತ ಕೆಲಸಕ್ಕೆ ಹೋಗಿದ್ದೆ’ ಎಂದು ಮಾತಾಡಲು ಕಲಿಯುತ್ತದೆ.

ಉತ್ತರ: ಆರೋಗ್ಯ ನಿರೀಕ್ಷಕಿ, ಸಿಂಧನೂರು

ಮೇಸ್ತ್ರಿಯವರು ಹೇಳಿದ ಬೂಟಿನ ನಂಬರಿನ ಸಮಸ್ಯೆ ನಮ್ಮಲ್ಲೂ ಹಾಗೆಯೇ ಇದೆ. ಟೆಂಡರ್ ಷರತ್ತುಗಳ ಬಗ್ಗೆ ಮಾತ್ರ ನನ್ನ ಅನುಭವ ಬರೆಯುತ್ತೇನೆ.

ನಮ್ಮ ಹಿಂದಿನ ಕರಾರಿನಲ್ಲಿ ‘ಇಎಸ್‌ಐ, ಪಿಎಫ್ ಗುತ್ತಿಗೆದಾರರೇ ಪಾವತಿಸತಕ್ಕದ್ದು’ ಎಂಬ ಸಾಲಿತ್ತು (ಇಎಸ್‌ಐ ಎಂದರೆ ನೌಕರರ ರಾಜ್ಯ ವಿಮೆ, ಪಿಎಫ್ ಎಂದರೆ ಭವಿಷ್ಯ ನಿಧಿ). ಬಿಲ್ಲಿನ ಜೊತೆ ಪ್ರತಿ ತಿಂಗಳು ಒಂದು ಚಲನ್ ಬರುತ್ತಿತ್ತು, ನಾವು ಅದನ್ನು ಲಗತ್ತಿಸಿ ಪಾಸು ಮಾಡುತ್ತಿದ್ದೆವು. ಒಮ್ಮೆ ಕುಳಿತು ಹೆಸರುಗಳನ್ನು ತಾಳೆ ನೋಡಿದಾಗ, ಚಲನ್‌ನಲ್ಲಿದ್ದ ಇಪ್ಪತ್ತೊಂದು ಹೆಸರುಗಳಲ್ಲಿ ನಮ್ಮ ಬೀದಿ ಗುಡಿಸುವವರು ಹನ್ನೊಂದು ಜನ ಮಾತ್ರ. ಉಳಿದವರು ಯಾರೆಂದು ನಮಗೆ ಇಂದಿಗೂ ತಿಳಿದಿಲ್ಲ. ಇಎಸ್‌ಐ ವ್ಯವಸ್ಥೆಯಲ್ಲಿ ವಂತಿಗೆಯನ್ನು ಮೊದಲು ಕಟ್ಟುವ ಹೊಣೆ ಮೂಲ ಮಾಲೀಕನದು. ಗುತ್ತಿಗೆದಾರನಿಂದ ಆಮೇಲೆ ಹಿಡಿದುಕೊಳ್ಳಬೇಕು. ಮಾಲೀಕನ ಪಾಲು ವೇತನದ ಶೇ 3.25, ನೌಕರನದು ಶೇ 0.75, ವೇತನ 21,000 ರೂಪಾಯಿ ಮೀರದವರಿಗೆ. ಇಷ್ಟು ಸಣ್ಣ ಮೊತ್ತಕ್ಕೆ ಕಣ್ಣು ಮುಚ್ಚಿದರೆ ಮೇಲೆ ವಕೀಲರು ಲೆಕ್ಕ ಹಾಕಿದ ಮೊತ್ತ ಎದುರಾಗುತ್ತದೆ. ಏಕೆಂದರೆ ಕಾರ್ಮಿಕರು ಇಎಸ್‌ಐ ವಿಮೆಗೆ ಒಳಪಟ್ಟಿದ್ದರೆ ಉದ್ಯೋಗದ ಗಾಯದ ಪಿಂಚಣಿ, ಚಿಕಿತ್ಸೆ ಇಎಸ್‌ಐ ನಿಗಮದಿಂದಲೇ ಸಿಗುತ್ತದೆ, ಪರಿಹಾರದ ಅರ್ಜಿ ಮಾಲೀಕನ ಮೇಲೆ ನಿಲ್ಲುವುದಿಲ್ಲ.

ಈಗ ನಾವು ಬಿಲ್ ಪಾಸು ಮಾಡುವ ಮೊದಲು ಹಾಜರಿ ವಹಿ, ಬ್ಯಾಂಕ್ ಮೂಲಕ ಸಂದಾಯವಾದ ವೇತನದ ಪಟ್ಟಿ, ಇಎಸ್‌ಐ ಪಟ್ಟಿ, ಈ ಮೂರರಲ್ಲೂ ಒಂದೇ ಹೆಸರುಗಳಿವೆಯೇ ಎಂದು ನೋಡುತ್ತೇವೆ. ಮೂವತ್ತು ಜನರ ಪಟ್ಟಿಗೆ ಮುಕ್ಕಾಲು ಗಂಟೆ ಸಾಕು. ಇಎಸ್‌ಐ ಅನ್ವಯಿಸದವರಿಗೆ ನೌಕರರ ಪರಿಹಾರ ವಿಮೆಯನ್ನು ಗುತ್ತಿಗೆದಾರರು ಮಾಡಿಸಬೇಕು, ಪಾಲಿಸಿಯಲ್ಲಿ ಮೂಲ ಮಾಲೀಕರಾಗಿ ನಗರಸಭೆಯ ಹೆಸರೂ ಇರಬೇಕು, ಪಾಲಿಸಿಯ ಅವಧಿ ಕರಾರಿನ ಅವಧಿಗಿಂತ ಮೊದಲೇ ಮುಗಿಯಬಾರದು ಎಂದು ಬರೆದಿದ್ದೇವೆ. ಭದ್ರತಾ ಠೇವಣಿಯ ಅರ್ಧವನ್ನು ಕರಾರು ಮುಗಿದ ಎರಡು ವರ್ಷದವರೆಗೆ ಬ್ಯಾಂಕ್ ಖಾತರಿಯಾಗಿ ಇಟ್ಟುಕೊಳ್ಳುವ ಷರತ್ತಿಗೆ ಗುತ್ತಿಗೆದಾರರು ಬಹಳ ಗಲಾಟೆ ಮಾಡಿದರು. ಸಾಮಾನ್ಯ ಸಭೆಯಲ್ಲಿ ಠರಾವಾದ್ದರಿಂದ ನಿಂತಿತು.

ಮಹಿಳಾ ಕಾರ್ಮಿಕರು ಹೆಚ್ಚಿರುವ ಕಡೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಆಂತರಿಕ ಸಮಿತಿಯನ್ನೂ ಮರೆಯಬೇಡಿ. ಹತ್ತು ಜನರಿಗಿಂತ ಕಡಿಮೆ ಇಲ್ಲದ ಪ್ರತಿ ಕಚೇರಿಗೂ ಅದು ಕಡ್ಡಾಯ, ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ. ಮೇಸ್ತ್ರಿಗಳ ಮೇಲಿನ ದೂರುಗಳು ಬೀದಿಯಲ್ಲೇ ಮುಚ್ಚಿಹೋಗುತ್ತವೆ.

ಪ್ರಶ್ನೆ ಕೇಳಿದವರ ಮರುಬರಹ: ಕಡತದ ಗುಮಾಸ್ತ

ಎಲ್ಲರಿಗೂ ಕೃತಜ್ಞತೆಗಳು. ಮೇಸ್ತ್ರಿಯವರೇ, ‘ರೂಢಿ’ ಎಂದು ಬರೆದದ್ದು ನನ್ನ ತಪ್ಪು, ಒಪ್ಪುತ್ತೇನೆ.

ಪಾಲಿಸಿಯ ಪ್ರತಿ ತರಿಸಿದೆ. ಎಂಜಿನ್‌ಗೆ ಮಾತ್ರ ವಿಮೆ, ಟ್ರೇಲರ್‌ಗೆ ಇಲ್ಲ. ಬಳಕೆಯ ಮುಂದೆ ‘ಕೃಷಿ’ ಎಂದಿದೆ. ಕರಾರಿನ ಸಮಯದಲ್ಲಿ ನಾವು ಪಡೆದ ಜೆರಾಕ್ಸ್ ಪ್ರತಿಯಲ್ಲೂ ಅದೇ ಇತ್ತು, ಯಾರೂ ಓದಿರಲಿಲ್ಲ. ಹಳೆಯ ಹಾಜರಿ ವಹಿಯನ್ನು ಹುಡುಕಿದಾಗ ಅಪಘಾತದ ದಿನದ ಸಾಲಿನಲ್ಲಿ ಅವರ ಹೆಸರಿನ ಮುಂದೆ ಮೊದಲು ಹಾಜರಿ ಹಾಕಿ, ಆಮೇಲೆ ಬಿಳಿ ಶಾಯಿ ಬಳಿದು ಗೈರುಹಾಜರಿ ಮಾಡಿರುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ. ಅದನ್ನು ಮಾಡಿದವರು ಗುತ್ತಿಗೆದಾರರ ಮೇಲ್ವಿಚಾರಕರೋ, ನಮ್ಮವರೋ ಗೊತ್ತಿಲ್ಲ. ಹಾಗೆಯೇ ಮುಖ್ಯಾಧಿಕಾರಿಗಳ ಮುಂದೆ ಲಿಖಿತ ಟಿಪ್ಪಣಿಯೊಂದಿಗೆ ಇಟ್ಟಿದ್ದೇನೆ.

ಅವರ ಮನೆಗೂ ಹೋಗಿದ್ದೆ. ಕುಟುಂಬದವರು ಮೂರು ಲಕ್ಷಕ್ಕೆ ರಾಜಿಯಾಗಲು ಸಿದ್ಧರಿದ್ದಾರೆ. ನಮ್ಮ ಕೆಲವು ಸದಸ್ಯರು ಛಾಪಾ ಕಾಗದದ ಮೇಲೆ ಬರೆಸಿಕೊಂಡು ಕೊಟ್ಟು ಮುಗಿಸಿ ಎನ್ನುತ್ತಿದ್ದಾರೆ. ಇದು ಸರಿಯೇ?

ಉತ್ತರ: ಬಳ್ಳಾರಿ ವಕೀಲ

ಬೇಡ. ಒಪ್ಪಂದವನ್ನು ಆಯುಕ್ತರ ಮುಂದೆ ನೋಂದಾಯಿಸಬೇಕು. ಮೊತ್ತ ತೀರ ಕಡಿಮೆಯೆಂದು ಕಂಡರೆ, ಇಲ್ಲವೇ ಒತ್ತಾಯದಿಂದ ಆದದ್ದೆಂದು ಕಂಡರೆ ಅವರು ನೋಂದಾಯಿಸಲು ನಿರಾಕರಿಸಬಹುದು. ನೋಂದಾಯಿಸದ ಛಾಪಾ ಕಾಗದ ಪೂರ್ತಿ ಪರಿಹಾರದ ಬಾಧ್ಯತೆಯಿಂದ ನಿಮ್ಮನ್ನು ಬಿಡಿಸುವುದಿಲ್ಲ. ಆರೂವರೆ ಲಕ್ಷಕ್ಕೂ ಮೇಲಿನ ಹಕ್ಕಿಗೆ ಮೂರು ಲಕ್ಷ ಕೊಟ್ಟು ಬರೆಸಿಕೊಂಡದ್ದು ಮುಂದೆ ನಿಮ್ಮ ಸದುದ್ದೇಶದ ಮೇಲೇ ಪ್ರಶ್ನೆಯೆತ್ತುತ್ತದೆ.

ಮಾಡಬೇಕಾದದ್ದು ಇಷ್ಟು: ನೀವು ಒಪ್ಪುವ ಮಟ್ಟಿಗಿನ ಮೊತ್ತವನ್ನು ತಾತ್ಕಾಲಿಕ ಪಾವತಿಯಾಗಿ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ. ಹೆಚ್ಚಿನ ಮೊತ್ತದ ಬಗ್ಗೆ ನಿಮ್ಮ ತಕರಾರು ಹಾಗೇ ಉಳಿಯುತ್ತದೆ. ಸಾಮಾನ್ಯ ಸಭೆಯ ಠರಾವು ಮಾಡಿಸಿ ಅದನ್ನು ಆಯುಕ್ತರಲ್ಲಿ ಠೇವಣಿ ಇಡಿ. ಬಡ್ಡಿ ಅಷ್ಟರ ಮಟ್ಟಿಗೆ ನಿಲ್ಲುತ್ತದೆ, ದಂಡದ ಮಾತು ಬಂದಾಗ ಹೇಳಿಕೊಳ್ಳಲು ಒಂದು ಕಾರಣವೂ ಸಿಗುತ್ತದೆ. ಗುತ್ತಿಗೆದಾರರ ಸದ್ಯದ ವಿಳಾಸವನ್ನು ಅವರ ಪಾನ್, ಜಿಎಸ್‌ಟಿ ದಾಖಲೆಗಳಿಂದ ಹುಡುಕಿ ನೋಟಿಸ್ ಜಾರಿಯಾಗುವಂತೆ ನೋಡಿಕೊಳ್ಳಿ. ಅವರು ಜಿಲ್ಲೆಯ ಬೇರೆ ಯಾವುದಾದರೂ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರೆ ಅಲ್ಲಿ ಬಿಲ್ ಬಾಕಿ ಇರುತ್ತದೆ.

ಉತ್ತರ: ನಿವೃತ್ತ ಮುಖ್ಯಾಧಿಕಾರಿ, ರಾಯಚೂರು

ಆ ಹಾಜರಿ ವಹಿಯನ್ನು ಇಂದೇ ಮುಖ್ಯಾಧಿಕಾರಿಗಳ ಬೀರುವಿಗೆ ಸೇರಿಸಿ, ಸ್ವೀಕೃತಿ ಪಡೆಯಿರಿ. ಕಡತದ ಎಲ್ಲ ಪುಟಗಳಿಗೂ ಶಾಯಿಯಲ್ಲಿ ಸಂಖ್ಯೆ ಹಾಕಿ. ಬಿಳಿ ಶಾಯಿಯ ಪುಟವನ್ನು ಹಿಂದೆ ಮುಂದೆ ಎರಡೂ ಕಡೆ ಫೋಟೊ ತೆಗೆದು ದಿನಾಂಕ ಬರೆದಿಡಿ. ಅಂಥ ಪುಟಗಳಿಗೆ ಕಾಲು ಬರುವುದನ್ನು ನಾನು ಕಂಡಿದ್ದೇನೆ.